ಒಂದು ಪಟ್ಟಿಯಲ್ಲಿ 9, ಇನ್ನೊಂದರಲ್ಲಿ 27: ಯಾವುದನ್ನು ನಂಬಲಿ?

ಪ್ರಶ್ನೆ: ಸರ್, ನಾವು ಅಮೆರಿಕಕ್ಕೆ ಬಂದು ಹದಿನಾರು ವರ್ಷವಾಯಿತು. ಗ್ರೀನ್ ಕಾರ್ಡ್ ಸಿಕ್ಕಿ ಎರಡು ವರ್ಷ. ದೊಡ್ಡ ಮಗಳು ಈ ಬೇಸಿಗೆಗೆ ಹೈಸ್ಕೂಲ್ ಮುಗಿಸುತ್ತಾಳೆ. ಬಿಸಿನೆಸ್ ಓದಬೇಕು, ಅದರಲ್ಲೂ ಫೈನಾನ್ಸ್ ಮಾಡಬೇಕು ಅನ್ನುತ್ತಾಳೆ. ಮೂರು ಕಡೆ ಸೀಟು ಸಿಕ್ಕಿದೆ. ಒಂದು, ನಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ. ನೇರ ಬಿಸಿನೆಸ್ ಸ್ಕೂಲಿಗೇ ಪ್ರವೇಶ, ಊಟ ವಸತಿ ಎಲ್ಲ ಸೇರಿ ವರ್ಷಕ್ಕೆ 31,000 ಡಾಲರ್. ಎರಡನೆಯದು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯ, 89,000 ಡಾಲರ್. ಮೂರನೆಯದು ಪಕ್ಕದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ, 58,000 ಡಾಲರ್. ಅಲ್ಲಿ ಮೊದಲು ಸಾಮಾನ್ಯ ವಿಭಾಗಕ್ಕೆ ಸೇರಿ, ಬಿಸಿನೆಸ್ ಸ್ಕೂಲಿಗೆ ಆಮೇಲೆ ಅರ್ಜಿ ಹಾಕಬೇಕಂತೆ. ತಲೆನೋವು ಶುರುವಾದದ್ದು ರ‍್ಯಾಂಕಿಂಗ್ ನೋಡಿದ ಮೇಲೆ. ಮೂರನೆಯದು ಯು.ಎಸ್. ನ್ಯೂಸ್ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ 9, ಪೊಯೆಟ್ಸ್ ಅಂಡ್ ಕ್ವಾಂಟ್ಸ್ ಎಂಬ ಜಾಲತಾಣದ ಪಟ್ಟಿಯಲ್ಲಿ 27. ಖಾಸಗಿಯದು 19 ಮತ್ತು 8. ನಮ್ಮ ರಾಜ್ಯದ್ದು 31 ಮತ್ತು 34. ನಮ್ಮ ಯಜಮಾನರು ಎಕ್ಸೆಲ್‌ನಲ್ಲಿ ಎರಡರ ಸರಾಸರಿ ತೆಗೆದು, 13.5 ಬಂದಿದೆ, ಖಾಸಗಿಗೇ ಸೇರಿಸೋಣ ಅಂತ ಕೂತಿದ್ದಾರೆ. ಮೇ 1ರೊಳಗೆ ಹೇಳಬೇಕು. ಯಾವ ಪಟ್ಟಿಯನ್ನು ನಂಬಲಿ?

ಉತ್ತರ: ಮೊದಲು ಆ ಸರಾಸರಿ ಕಾಲಂ ಅಳಿಸಿಬಿಡಿ. ಯಜಮಾನರ ಲೆಕ್ಕ ತಪ್ಪಿಲ್ಲ, 13.5 ಸರಿಯಾಗಿಯೇ ಬಂದಿದೆ. ಆದರೆ ಕೂಡಿಸಬಾರದ್ದನ್ನು ಕೂಡಿಸಿದ್ದಾರೆ. ಮಗುವಿನ ಜ್ವರವನ್ನೂ ತೂಕವನ್ನೂ ಕೂಡಿಸಿ ಎರಡರಿಂದ ಭಾಗಿಸಿದರೂ ಒಂದು ಅಂಕಿ ಬರುತ್ತದೆ. ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಲಾಗುವುದಿಲ್ಲ. ಈ ಎರಡು ಪಟ್ಟಿಗಳು ಅಳೆಯುವುದೇ ಬೇರೆ ಬೇರೆ ವಸ್ತುವನ್ನು. ಏನನ್ನು ಅಂತ ಗೊತ್ತಾದರೆ ನಿಮ್ಮ ಮೂರನೆಯ ಕಾಲೇಜು ಒಂದರಲ್ಲಿ 9, ಇನ್ನೊಂದರಲ್ಲಿ 27 ಹೇಗಾಯಿತು ಅನ್ನುವುದೂ ತಾನಾಗಿ ತಿಳಿಯುತ್ತದೆ.

ಯು.ಎಸ್. ನ್ಯೂಸ್‌ನವರ ಬ್ಯಾಚುಲರ್ ಮಟ್ಟದ ಬಿಸಿನೆಸ್ ಪಟ್ಟಿಯಲ್ಲಿ ಸಂಬಳದ ಲೆಕ್ಕವಿಲ್ಲ. ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನುವುದಿಲ್ಲ. ಎಸ್ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕವಿಲ್ಲ, ತರಗತಿಯಲ್ಲಿ ಎಷ್ಟು ಮಕ್ಕಳು ಅನ್ನುವುದೂ ಇಲ್ಲ. (ಎಸ್ಎಟಿ ಅಂಕದಂಥವು ಬರುವುದು ಅವರ ಒಟ್ಟಾರೆ ವಿಶ್ವವಿದ್ಯಾಲಯ ಪಟ್ಟಿಯಲ್ಲಿ, ಜನ ಎರಡನ್ನೂ ಕಲಸಿಬಿಡುತ್ತಾರೆ.) ಇಲ್ಲಿರುವುದು ಒಂದೇ ಒಂದು: ಬೇರೆ ಕಾಲೇಜಿನವರ ಅಭಿಪ್ರಾಯ. ಎಎಸಿಎಸ್‌ಬಿ ಅಂತ 1916ರಲ್ಲಿ ಹುಟ್ಟಿದ ಮಾನ್ಯತಾ ಸಂಸ್ಥೆಯೊಂದಿದೆ. ಅದರ ಮಾನ್ಯತೆ ಪಡೆದ ಐನೂರಕ್ಕೂ ಹೆಚ್ಚು ಸ್ಕೂಲುಗಳ ಡೀನ್‌ಗಳಿಗೂ ಹಿರಿಯ ಪ್ರೊಫೆಸರ್‌ಗಳಿಗೂ ಒಂದು ಫಾರಂ ಹೋಗುತ್ತದೆ. ಪ್ರತಿ ಸ್ಕೂಲಿಗೂ 1ರಿಂದ 5ರೊಳಗೆ ಅಂಕ ಕೊಡಬೇಕು. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಅಂತ ಗುರುತು ಹಾಕಬಹುದು. ಎರಡು ವರ್ಷದ ಉತ್ತರಗಳ ಸರಾಸರಿಯೇ ರ‍್ಯಾಂಕ್.

ನಾನು ಇಲ್ಲಿನ ಬಿಸಿನೆಸ್ ಸ್ಕೂಲುಗಳಲ್ಲಿ ಬಹುಕಾಲ ಅಕೌಂಟಿಂಗ್ ಪಾಠ ಮಾಡಿದವನು. ಒಂದು ವರ್ಷ ಆ ಫಾರಂ ನನ್ನ ಪಾಲಿಗೂ ಬಂತು. ಮಧ್ಯಾಹ್ನದ ಕ್ಲಾಸಿಗೂ ಮೀಟಿಂಗಿಗೂ ನಡುವೆ ಮುಕ್ಕಾಲು ಗಂಟೆ ಬಿಡುವಿತ್ತು, ತುಂಬಲು ಕೂತೆ. ಅಕ್ಷರಾನುಕ್ರಮದ ಹೆಸರುಗಳು ಪುಟ ತಿರುಗಿಸಿದಷ್ಟೂ ಮುಗಿಯುವುದಿಲ್ಲ. ಅಷ್ಟರಲ್ಲಿ ನಾನು ಕಾಲಿಟ್ಟಿದ್ದ ಕ್ಯಾಂಪಸ್ಸುಗಳು ಹದಿನೈದಿದ್ದರೆ ಹೆಚ್ಚು. ಮಿಕ್ಕವು ನನಗೆ ಹೇಗೆ ಗೊತ್ತು? ಇಂಥ ಕಡೆಯವರು ಒಳ್ಳೆ ಸಂಶೋಧನಾ ಲೇಖನ ಬರೆಯುತ್ತಾರೆ, ಅಲ್ಲಿಂದ ಪಿಎಚ್‌ಡಿ ಮಾಡಿದವರು ನಮ್ಮಲ್ಲಿಗೆ ಇಂಟರ್‌ವ್ಯೂಗೆ ಬಂದಿದ್ದರು, ಇನ್ನೊಂದರ ಫುಟ್‌ಬಾಲ್ ತಂಡ ಟೀವಿಯಲ್ಲಿ ಬರುತ್ತದೆ: ಇಷ್ಟೇ. ಆ ಕಾಲೇಜಿನಲ್ಲಿ ಹತ್ತೊಂಬತ್ತರ ಹುಡುಗಿಗೆ ಡೆಬಿಟ್ಟು ಕ್ರೆಡಿಟ್ಟು ಹೇಳಿಕೊಡುವವರು ಯಾರು, ಚೆನ್ನಾಗಿ ಹೇಳುತ್ತಾರೋ ಇಲ್ಲವೋ ನನಗೇನು ಗೊತ್ತು? ನಾನು ಸುಮಾರು ಹೆಸರುಗಳಿಗೆ 'ಗೊತ್ತಿಲ್ಲ' ಎಂದೆ. ಪಕ್ಕದ ರೂಮಿನ ಸಹೋದ್ಯೋಗಿಯನ್ನು ಕೇಳಿದರೆ, ಅಯ್ಯೋ ಹಾಗೆಲ್ಲ ಬಿಟ್ಟರೆ ಮುಗಿಯುತ್ತದೆಯೇ, ಹೆಸರು ಕೇಳಿದ್ದರೆ 3 ಹಾಕಿಬಿಡಬೇಕು ಅಂದರು. ಆ ಫಾರಂ ಬರುವ ಮುಂಚಿನ ವಾರಗಳಲ್ಲಿ ಡೀನ್ ಕಚೇರಿಗೆ ದಿನಕ್ಕೆ ಮೂರು ನಾಲ್ಕು ಹೊಳಪು ಕಾಗದದ ಪುಸ್ತಿಕೆಗಳು ಅಂಚೆಯಲ್ಲಿ ಬರುತ್ತಿದ್ದವು. ಯಾವ ಕಾಲೇಜಿನವರು ಹೊಸ ಕಟ್ಟಡ ಕಟ್ಟಿಸಿದರು ಅಂತ ನಮ್ಮ ಗುಮಾಸ್ತೆಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು.

ಇದೆಲ್ಲ ಬರೀ ಪೊಳ್ಳು ಅಂತ ನಾನು ಹೇಳುತ್ತಿಲ್ಲ. ನೂರಾರು ಜನ ಅಂಕ ಕೊಟ್ಟಾಗ ಒಬ್ಬೊಬ್ಬರ ಅಜ್ಞಾನ ಸ್ವಲ್ಪ ಸವೆದುಹೋಗುತ್ತದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಾರ್ಟನ್, 1881ರಲ್ಲಿ ಶುರುವಾದ ಹಳೆಯ ಸ್ಕೂಲು, ಆ ಪಟ್ಟಿಯ ತಲೆಯಲ್ಲಿ ವರ್ಷಗಟ್ಟಲೆ ಕೂತಿರುವುದು ಸುಮ್ಮನೆ ಅಲ್ಲ. ಎಂಐಟಿ ಸ್ಲೋನ್, ಬರ್ಕ್ಲಿಯ ಹಾಸ್, ಮಿಶಿಗನ್‌ನ ರಾಸ್ ಮೇಲೆ ಇರುವುದಕ್ಕೂ ಕಾರಣವಿದೆ. ಕಷ್ಟ ಬರುವುದು ಅದರ ಕೆಳಗೆ. ಅಂಕವನ್ನು ಒಂದೇ ದಶಮಾಂಶದಲ್ಲಿ ಕೊಡುತ್ತಾರೆ. ತುದಿಯವರು 4.8ರ ಆಸುಪಾಸು ಇದ್ದಾರೆ ಅಂತಿಟ್ಟುಕೊಳ್ಳಿ. ಅಲ್ಲಿಂದ 2ರವರೆಗೆ ಇಳಿದರೂ ಮೂವತ್ತು ಮೆಟ್ಟಿಲು ಆಗುವುದಿಲ್ಲ. ನಿಲ್ಲಬೇಕಾದವರು ಐನೂರು! ಹಾಗಾಗಿ ಒಂದೊಂದು ಮೆಟ್ಟಿಲ ಮೇಲೂ ಗುಂಪು ಗುಂಪಾಗಿ ನಿಂತಿರುತ್ತಾರೆ. 0.1 ಜಾರಿದರೆ ಗುಂಪಿಗೆ ಗುಂಪೇ ಹಿಂದುಮುಂದಾಗುತ್ತದೆ. ಪೇಪರಿನಲ್ಲಿ ಮಾತ್ರ 'ಹತ್ತು ಸ್ಥಾನ ಕುಸಿತ' ಅಂತ ಬರುತ್ತದೆ. ಯಜಮಾನರಿಗೆ ಹೇಳಿ: ರ‍್ಯಾಂಕಿನ ಪಕ್ಕದಲ್ಲೇ ಆ ಅಂಕವೂ ಇರುತ್ತದೆ, ಅದನ್ನು ನೋಡಲಿ. ನಿಮ್ಮ ರಾಜ್ಯದ ಕಾಲೇಜಿಗೂ ಆ ಖಾಸಗಿಗೂ ನಡುವೆ ಹನ್ನೆರಡು ಸ್ಥಾನ ಕಾಣುತ್ತದಲ್ಲ, ಅಂಕದಲ್ಲಿ ಅದು 0.2, 0.3ಕ್ಕಿಂತ ಹೆಚ್ಚಿದ್ದರೆ ನನಗೆ ಆಶ್ಚರ್ಯ.

ಇನ್ನು ಪೊಯೆಟ್ಸ್ ಅಂಡ್ ಕ್ವಾಂಟ್ಸ್. ಇದನ್ನು ಹುಟ್ಟುಹಾಕಿದ ಜಾನ್ ಬರ್ನ್, 1988ರಲ್ಲಿ ಬಿಸಿನೆಸ್‌ವೀಕ್ ಪತ್ರಿಕೆಗೆ ಬಿಸಿನೆಸ್ ಸ್ಕೂಲ್ ರ‍್ಯಾಂಕಿಂಗ್ ಶುರು ಮಾಡಿಕೊಟ್ಟವರೇ. ಇವರು ಡೀನ್‌ಗಳ ಅಭಿಪ್ರಾಯ ಕೇಳುವುದಿಲ್ಲ. ಮೂರು ಸಮಪಾಲು: ಎಂಥ ಮಕ್ಕಳು ಒಳಗೆ ಬರುತ್ತಾರೆ, ಓದಿ ಹೊರಬಿದ್ದವರು ತಮ್ಮ ಅನುಭವದ ಬಗ್ಗೆ ಏನನ್ನುತ್ತಾರೆ, ಎಷ್ಟು ಜನಕ್ಕೆ ಎಷ್ಟು ಸಂಬಳದ ಕೆಲಸ ಸಿಕ್ಕಿತು. ಕೇಳುವುದಕ್ಕೆ ಇದು ಹೆಚ್ಚು ನ್ಯಾಯವಾಗಿದೆ, ಒಂದು ಮಟ್ಟಿಗೆ ಹೌದು ಕೂಡ. ಆದರೆ ಮೊದಲ ಪಾಲನ್ನು ಸ್ವಲ್ಪ ಯೋಚಿಸಿ. ಕಷ್ಟದ ಪ್ರವೇಶ, ಎಸ್ಎಟಿಯಲ್ಲಿ ಎತ್ತರದ ಅಂಕ, ಇವು ಬಂದ ಮಕ್ಕಳ ಗುಣವೇ ಹೊರತು ಕಾಲೇಜು ಮಾಡಿದ ಕೆಲಸವಲ್ಲ. ಹಾಲೇ ಗಟ್ಟಿಯಿದ್ದರೆ ಬೆಣ್ಣೆ ಹೆಚ್ಚು ಬರುತ್ತದೆ, ಕಡೆದವರು ಹೊಗಳಿಸಿಕೊಳ್ಳುತ್ತಾರೆ. ಎರಡನೆಯ ಪಾಲಿನಲ್ಲಿ ಉತ್ತರಿಸುವವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ತಮ್ಮ ಉತ್ತರದಿಂದ ತಮ್ಮ ಡಿಗ್ರಿಯ ಬೆಲೆ ಏರುತ್ತದೆ ಅಂತ ಬಲ್ಲವರು. ಹೆತ್ತವರಿಗೆ ಹೆಗ್ಗಣ ಮುದ್ದು. ಮೂರನೆಯ ಪಾಲಿನ ಅಂಕಿಗಳನ್ನು ಕಾಲೇಜೇ ಕೊಡುತ್ತದೆ. ಜೊತೆಗೆ ಇದರಲ್ಲಿ ಭಾಗವಹಿಸುವುದು ಕಾಲೇಜಿನ ಇಷ್ಟ. ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದರೆ ಕಾಲೇಜು ಕೆಟ್ಟದ್ದು ಅಂತಲ್ಲ, ಫಾರಂ ತುಂಬಿಲ್ಲ ಅಂತಲೂ ಇರಬಹುದು.

ಈಗ ನಿಮ್ಮ ಒಗಟು ಬಿಡಿಸೋಣ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಭಾರಿ, ಪಿಎಚ್‌ಡಿ ವಿಭಾಗ ದೊಡ್ಡದು, ಹೆಸರು ಎಲ್ಲ ಪ್ರೊಫೆಸರ್‌ಗಳ ಬಾಯಲ್ಲಿ. ಯು.ಎಸ್. ನ್ಯೂಸ್‌ನಲ್ಲಿ ಮೇಲೆ. ಅದೇ ಸ್ಕೂಲು ವರ್ಷಕ್ಕೆ ಸಾವಿರಾರು ಮಕ್ಕಳನ್ನು ತೆಗೆದುಕೊಳ್ಳುತ್ತದೆ, ತನ್ನ ರಾಜ್ಯದವರಿಗೆ ಬಾಗಿಲು ತೆರೆದಿಡಬೇಕು, ಆದ್ದರಿಂದ 'ಎಷ್ಟು ಕಷ್ಟದ ಪ್ರವೇಶ' ಅನ್ನುವ ಲೆಕ್ಕದಲ್ಲಿ ಹಿಂದೆ. ಎರಡನೆಯ ಪಟ್ಟಿಯಲ್ಲಿ ಕೆಳಗೆ. ಚಿಕ್ಕ, ದುಬಾರಿ, ಆಯ್ದು ತೆಗೆದುಕೊಳ್ಳುವ ಖಾಸಗಿ ಸ್ಕೂಲಿನದು ಇದಕ್ಕೆ ತಿರುಗುಮುರುಗು. ಎರಡು ಪಟ್ಟಿಯೂ ಸುಳ್ಳು ಹೇಳುತ್ತಿಲ್ಲ.

ಪಟ್ಟಿಗಳು ಬರುತ್ತವೆ, ಹೋಗುತ್ತವೆ ಅನ್ನುವುದನ್ನೂ ನೆನಪಿಡಿ. ಬಿಸಿನೆಸ್‌ವೀಕ್ 2006ರಲ್ಲಿ ಬ್ಯಾಚುಲರ್ ಸ್ಕೂಲುಗಳ ಪಟ್ಟಿ ಶುರು ಮಾಡಿತು. ಅದರಲ್ಲಿ ನೋಟ್ರ ಡೇಮ್‌ನ ಮೆಂಡೋಜಾ 2010ರಿಂದ 2014ರವರೆಗೆ ಸತತ ಐದು ಸಲ ಮೊದಲು ಬಂತು. 2016ರಲ್ಲಿ ವಿಲನೋವಾ ಮೊದಲಾಯಿತು. ಅದಾದ ಮೇಲೆ ಪಟ್ಟಿಯನ್ನೇ ನಿಲ್ಲಿಸಿದರು. ಆ ಇಬ್ಬರೂ ಯು.ಎಸ್. ನ್ಯೂಸ್‌ನಲ್ಲಿ ಒಮ್ಮೆಯೂ ವಾರ್ಟನ್‌ನ ಜಾಗಕ್ಕೆ ಏರಿದವರಲ್ಲ. ಇನ್ನು ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಯಾಕೆ ಪಟ್ಟಿಯಲ್ಲಿಲ್ಲ ಅಂತ ಕೇಳುವವರಿದ್ದಾರೆ. ಅವರ ಬಿಸಿನೆಸ್ ಸ್ಕೂಲುಗಳಲ್ಲಿ ಬ್ಯಾಚುಲರ್ ಡಿಗ್ರಿಯೇ ಇಲ್ಲ. ಅಲ್ಲಿ ಇಕನಾಮಿಕ್ಸ್ ಓದಿದ ಹುಡುಗರು ಅದೇ ಬ್ಯಾಂಕುಗಳ ಅದೇ ಇಂಟರ್‌ವ್ಯೂಗೆ ಕೂರುತ್ತಾರೆ. 'ಬಿಸಿನೆಸ್ ಸ್ಕೂಲ್ ಪಟ್ಟಿ' ಅನ್ನುವುದು ಸ್ಪರ್ಧೆಯ ಅರ್ಧ ಚಿತ್ರ ಮಾತ್ರ.

ಅಂಕಿಗಳನ್ನು ಕಾಲೇಜೇ ಕೊಡುತ್ತದೆ ಅಂದೆನಲ್ಲ, ಅದರ ಒಂದು ಮಾತು. ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಸ್ಕೂಲಿನ ಆನ್‌ಲೈನ್ ಎಂಬಿಎ ಯು.ಎಸ್. ನ್ಯೂಸ್‌ನಲ್ಲಿ ನಾಲ್ಕು ವರ್ಷ ಒಂದನೇ ಸ್ಥಾನದಲ್ಲಿತ್ತು. ಸೇರಿದ ಎಲ್ಲರೂ ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದಿದ್ದಾರೆ ಅಂತ ವರದಿ ಕಳಿಸಿದ್ದರು. ಬರೆದಿದ್ದವರು ಐದರಲ್ಲಿ ಒಂದು ಪಾಲು. ಆಗಿನ ಡೀನ್ ಮೋಶೆ ಪೊರಾಟ್ ಅವರನ್ನು 2021ರಲ್ಲಿ ಫೆಡರಲ್ ಜ್ಯೂರಿ ವಂಚನೆಯ ಅಪರಾಧಿ ಎಂದಿತು, 2022ರಲ್ಲಿ 14 ತಿಂಗಳ ಶಿಕ್ಷೆಯಾಯಿತು. ಅದೇ 2022ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಗಣಿತ ಪ್ರೊಫೆಸರ್ ಮೈಕೆಲ್ ಥ್ಯಾಡಿಯಸ್, ತಮ್ಮದೇ ಸಂಸ್ಥೆ ಕೊಟ್ಟ ಅಂಕಿಗಳು ಸರಿಯಿಲ್ಲ ಅಂತ ಕೂತು ಲೆಕ್ಕ ಹಾಕಿ ತೋರಿಸಿದರು. ಒಟ್ಟಾರೆ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿದ್ದ ಕೊಲಂಬಿಯ 18ಕ್ಕೆ ಬಂತು. ಎರಡೂ ನಿಮ್ಮ ಮಗಳು ಓದಲಿರುವ ಮಟ್ಟದ ಬಿಸಿನೆಸ್ ಪಟ್ಟಿಗಳಲ್ಲ, ಆದರೆ ಪಟ್ಟಿಗೆ ಸಾಮಾನು ಹೋಗುವ ದಾರಿ ಒಂದೇ.

ಇಷ್ಟಾಗಿ ರ‍್ಯಾಂಕಿಂಗ್ ಸ್ವಲ್ಪ ಉಪಯೋಗಕ್ಕೆ ಬರುವುದು ವಿಷಯವಾರು ಪಟ್ಟಿಯಲ್ಲಿ. ಸೌತ್ ಕ್ಯಾರೊಲಿನ ವಿಶ್ವವಿದ್ಯಾಲಯದ ಡಾರ್ಲಾ ಮೂರ್ ಸ್ಕೂಲು ಒಟ್ಟು ಪಟ್ಟಿಯಲ್ಲಿ ತುದಿಯಲ್ಲಿಲ್ಲ, ಅಂತರರಾಷ್ಟ್ರೀಯ ಬಿಸಿನೆಸ್ಸಿನಲ್ಲಿ ಮಾತ್ರ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದನೇ ಸ್ಥಾನ ಬಿಟ್ಟುಕೊಟ್ಟಿಲ್ಲ. ಸರಕು ಸಾಗಣೆ, ಸಪ್ಲೈ ಚೈನ್ ಅಂದರೆ ಮಿಶಿಗನ್ ಸ್ಟೇಟ್. ಸ್ವಂತ ಉದ್ಯಮ ಅಂದರೆ ಬ್ಯಾಬ್ಸನ್. ಇವೂ ಪ್ರೊಫೆಸರ್‌ಗಳ ಅಭಿಪ್ರಾಯವೇ, ಆದರೆ ತಮ್ಮ ಕ್ಷೇತ್ರದ ಬಗ್ಗೆ ಕೇಳಿದಾಗ ಅವರು ಬಲ್ಲದ್ದನ್ನೇ ಹೇಳುತ್ತಾರೆ. ಫೈನಾನ್ಸ್ ಪಟ್ಟಿ ತೆಗೆದು ನಿಮ್ಮ ಮೂರೂ ಎಲ್ಲಿವೆ ನೋಡಿ, ಐದು ನಿಮಿಷದ ಕೆಲಸ.

ಇನ್ನು ನನ್ನ ಮುಖ್ಯ ಮಾತು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ರ‍್ಯಾಂಕ್ ಅಲ್ಲ, ನೀವು ಹಾಗೇ ದಾಟಿಹೋದ ಒಂದು ಸಾಲು: 'ಬಿಸಿನೆಸ್ ಸ್ಕೂಲಿಗೆ ಆಮೇಲೆ ಅರ್ಜಿ ಹಾಕಬೇಕಂತೆ'. ಅಲ್ಲಿನ 9ನೇ ರ‍್ಯಾಂಕ್ ಇರುವುದು ಆ ಬಿಸಿನೆಸ್ ಸ್ಕೂಲಿಗೆ. ನಿಮ್ಮ ಮಗಳಿಗೆ ಸೀಟು ಸಿಕ್ಕಿರುವುದು ಆ ವಿಶ್ವವಿದ್ಯಾಲಯಕ್ಕೆ. ನಡುವೆ ಇನ್ನೊಂದು ಬಾಗಿಲಿದೆ, ಅದು ಮುಚ್ಚಿದೆ. ಒಂದು ವರ್ಷ ಅಥವಾ ಎರಡು ವರ್ಷ ಕ್ಯಾಲ್ಕುಲಸ್, ಇಕನಾಮಿಕ್ಸ್, ಮೊದಲ ಅಕೌಂಟಿಂಗ್ ಕೋರ್ಸು ಎಲ್ಲದರಲ್ಲೂ ಒಳ್ಳೆ ಗ್ರೇಡ್ ತೆಗೆದು, ಪ್ರಬಂಧ ಬರೆದು, ಅವಳಂತೆಯೇ ಕಾದಿರುವ ನೂರಾರು ಮಕ್ಕಳ ಜೊತೆ ಮತ್ತೆ ಪೈಪೋಟಿ. ಬರ್ಕ್ಲಿಯ ಹಾಸ್‌ನಲ್ಲೂ ಬಹುಪಾಲು ಮಕ್ಕಳು ಹೀಗೇ ಒಳಗೆ ಹೋಗುತ್ತಿದ್ದರು, 2024ರಿಂದ ಹೈಸ್ಕೂಲಿನಿಂದಲೇ ನೇರವಾಗಿ ನಾಲ್ಕು ವರ್ಷಕ್ಕೆ ತೆಗೆದುಕೊಳ್ಳಲು ಶುರು ಮಾಡಿದರು. ವರ್ಜೀನಿಯ ವಿಶ್ವವಿದ್ಯಾಲಯದ ಮೆಕಿಂಟೈರ್‌ಗೆ ಇವತ್ತಿಗೂ ಒಳಗೆ ಸೇರಿದ ಮೇಲೆಯೇ ಅರ್ಜಿ. ಅದು ಉತ್ತಮ ಸ್ಕೂಲು, ಅನುಮಾನವಿಲ್ಲ. ಒಳಗೆ ಹೋದವರ ಪಾಲಿಗೆ.

ಹೋಗದಿದ್ದವರು ಏನಾಗುತ್ತಾರೆ? ನನ್ನ ಬಳಿ ಬಂದಿದ್ದ ಒಬ್ಬ ಹುಡುಗನ ಮಾತು ಹೇಳುತ್ತೇನೆ. ಒಳ್ಳೆಯ ಹುಡುಗ, ರ‍್ಯಾಂಕ್ ನೋಡಿ ಇಂಥದ್ದೇ ಕಡೆ ಸೇರಿದ್ದ. ಮೊದಲ ಸೆಮಿಸ್ಟರಿನಲ್ಲಿ ಜ್ವರ ಬಂದು ಎರಡು ವಾರ ಮಲಗಿದ, ಕ್ಯಾಲ್ಕುಲಸ್‌ನಲ್ಲಿ ಸಿ ಬಂತು. ಆ ಒಂದು ಸಿ ಹಿಡಿದುಕೊಂಡು ಎರಡು ಸಲ ಅರ್ಜಿ ಹಾಕಿದ, ಎರಡು ಸಲವೂ ಇಲ್ಲ ಅಂದರು. ಕೊನೆಗೆ ಅವನಿಗೆ ಇಷ್ಟವಿಲ್ಲದ ಮೇಜರ್‌ನಲ್ಲಿ (ಮುಖ್ಯ ವಿಷಯದಲ್ಲಿ) ಡಿಗ್ರಿ ಮುಗಿಸಿದ, ಹೊರರಾಜ್ಯದವರ ಪೂರ್ತಿ ಶುಲ್ಕ ಕಟ್ಟಿ. ಈಗ ನಾನು ನಿಮಗೆ ಹೇಳುತ್ತಿರುವುದನ್ನು ಅವನಿಗೆ ಹೈಸ್ಕೂಲಿನಲ್ಲಿದ್ದಾಗ ಯಾರೂ ಹೇಳಿರಲಿಲ್ಲ.

ಒಳಗೆ ಹೋದರೂ ಇನ್ನೊಂದು ತೊಡಕಿದೆ, ಇದು ಫೈನಾನ್ಸಿನವರಿಗೇ ಹೆಚ್ಚು. ದೊಡ್ಡ ಇನ್‌ವೆಸ್ಟ್‌ಮೆಂಟ್ ಬ್ಯಾಂಕುಗಳು ಮೂರನೇ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಮಕ್ಕಳನ್ನು ಆಯ್ದುಕೊಳ್ಳುವುದು ಎರಡನೇ ವರ್ಷದಲ್ಲೇ, ಒಂದು ವರ್ಷಕ್ಕೂ ಮುಂಚೆ. ಆ ಬೇಸಿಗೆ ಚೆನ್ನಾಗಿ ಕಳೆದರೆ ಅಲ್ಲೇ ಕೆಲಸ, ಹೊರಗಿನವರಿಗೆ ಉಳಿಯುವುದು ಚಿಲ್ಲರೆ. ಅಂದರೆ ಎರಡನೇ ವರ್ಷದ ಕೊನೆಗೆ ಬಿಸಿನೆಸ್ ಸ್ಕೂಲಿಗೆ ಕಾಲಿಡುವ ಹುಡುಗಿ ಕಾರ್ಪೊರೇಟ್ ಫೈನಾನ್ಸ್ ಪುಸ್ತಕ ತೆರೆಯುವ ಹೊತ್ತಿಗೆ ಓಟ ಅರ್ಧ ಮುಗಿದಿರುತ್ತದೆ. ನೇರ ಪ್ರವೇಶ ಇರುವ ಕಡೆ ಮೊದಲ ವರ್ಷವೇ ಫೈನಾನ್ಸ್ ಕ್ಲಬ್ಬು, ಸೀನಿಯರ್‌ಗಳ ಪರಿಚಯ, ರೆಸ್ಯುಮೆ ತಿದ್ದಿಕೊಡುವವರು ಸಿಗುತ್ತಾರೆ. ಇಂಡಿಯಾನಾದ ಕೆಲ್ಲಿ ಸ್ಕೂಲಿನಲ್ಲಿ ಇನ್‌ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೇ ಅಂತ ಪ್ರತ್ಯೇಕ ವರ್ಕ್‌ಶಾಪ್ ನಡೆಸಿ ಮಕ್ಕಳನ್ನು ತಯಾರು ಮಾಡುತ್ತಾರೆ. ಇಂಥದ್ದು ನಿಮ್ಮ ರಾಜ್ಯದ ಕಾಲೇಜಿನಲ್ಲಿದೆಯೇ ಕೇಳಿ. ಇದ್ದರೆ ಅದರ ಬೆಲೆ ಹತ್ತು ರ‍್ಯಾಂಕಿಗಿಂತ ಹೆಚ್ಚು.

ಮಗಳು ಮನಸ್ಸು ಬದಲಾಯಿಸಿದರೆ? ಹದಿನೇಳರ ಮಕ್ಕಳು ಬದಲಾಯಿಸುತ್ತಾರೆ. ಬಿಸಿನೆಸ್‌ನಿಂದ ಹೊರಕ್ಕೆ, ಇತಿಹಾಸಕ್ಕೋ ಇಕನಾಮಿಕ್ಸ್‌ಗೋ, ಹೋಗುವುದು ಸಾಮಾನ್ಯವಾಗಿ ಸುಲಭ. ಒಳಕ್ಕೆ ಬರುವುದು ಕಷ್ಟ. ಇದೂ ನೇರ ಪ್ರವೇಶದ ಪರವಾಗಿಯೇ ಇದೆ.

ಈಗ ಪಟ್ಟಿ ಬದಿಗಿಟ್ಟು ನೀವು ಓದಬೇಕಾದ ಕಾಗದ ಒಂದಿದೆ: ಪ್ರತಿ ಬಿಸಿನೆಸ್ ಸ್ಕೂಲೂ ವರ್ಷಕ್ಕೊಮ್ಮೆ ಹೊರತರುವ ಉದ್ಯೋಗ ವರದಿ. ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ '94% ಮಕ್ಕಳಿಗೆ ಕೆಲಸ' ಅಂತಿರುತ್ತದೆ. ಅದನ್ನು ಓದಿ ಮಡಚಿಡಬೇಡಿ, ಕೊನೆಯ ಪುಟದ ಸಣ್ಣಕ್ಷರಕ್ಕೆ ಹೋಗಿ. ಒಂದು ಕಾಲ್ಪನಿಕ ಲೆಕ್ಕ ಹಾಕಿ ತೋರಿಸುತ್ತೇನೆ. ಆ ವರ್ಷ 400 ಜನ ಪಾಸಾದರು. ಅವರಲ್ಲಿ ಎಲ್ಲಿ ಹೋದರು ಅಂತ ಕಾಲೇಜಿಗೆ ಗೊತ್ತಾದದ್ದು 280 ಜನರದ್ದು. ಆ 280ರಲ್ಲಿ 60 ಜನ ಮುಂದಕ್ಕೆ ಓದಲು ಹೋದರು ಅಥವಾ ಕೆಲಸ ಹುಡುಕಲೇ ಇಲ್ಲ. ಹುಡುಕಿದವರು 220, ಸಿಕ್ಕಿದ್ದು 207 ಜನಕ್ಕೆ. 220ರಲ್ಲಿ 207 ಅಂದರೆ 94%. ಸುಳ್ಳೇನಿಲ್ಲ. ಆದರೆ 400ರಲ್ಲಿ 207 ಅಂದರೆ ಅರ್ಧಕ್ಕಿಂತ ಚೂರು ಹೆಚ್ಚು. ಸುದ್ದಿಯಿಲ್ಲದ 120 ಜನರಿಗೆ ಕೆಲಸವಿಲ್ಲ ಅಂತಲ್ಲ, ಆದರೆ ಒಳ್ಳೆ ಕಡೆ ಸೇರಿದವರು ಕಾಲೇಜಿಗೆ ಫೋನ್ ಮಾಡಿ ಹೇಳುತ್ತಾರೆ, ಮನೆಯಲ್ಲಿ ಕೂತವರು ಮೇಲ್‌ಗೆ ಉತ್ತರ ಬರೆಯುವುದಿಲ್ಲ. ಈ 'ಎಷ್ಟು ಜನರ ಸುದ್ದಿ ಗೊತ್ತು' ಅನ್ನುವುದಕ್ಕೆ ಇಲ್ಲಿ ನಾಲೆಜ್ ರೇಟ್ ಅನ್ನುತ್ತಾರೆ. ಕಾಲೇಜುಗಳ ಉದ್ಯೋಗ ಕಚೇರಿಗಳು ಅನುಸರಿಸುವ ನೇಸ್ ಎಂಬ ಸಂಘದ ಮಾನದಂಡದಲ್ಲಿ, ಡಿಗ್ರಿ ಮುಗಿದ ಆರು ತಿಂಗಳೊಳಗೆ ಕನಿಷ್ಠ 65% ಮಕ್ಕಳ ಸುದ್ದಿ ತಿಳಿದಿರಬೇಕು. ಒಳ್ಳೆಯ ಬಿಸಿನೆಸ್ ಸ್ಕೂಲುಗಳು 85, 90 ದಾಟುತ್ತವೆ. ಎರಡು ಕಾಲೇಜಿನ 94% ಹೋಲಿಸುವ ಮುಂಚೆ ಈ ಅಂಕಿ ಹೋಲಿಸಿ.

ಸಂಬಳಕ್ಕೂ ಇದೇ. ಆ 207ರಲ್ಲಿ ಸಂಬಳ ಎಷ್ಟು ಅಂತ ಬಾಯಿಬಿಟ್ಟವರು 130 ಇರಬಹುದು. ನಡುವಿನ ಸಂಬಳ (ಮೀಡಿಯನ್) ಅಂತ ಅಚ್ಚಾಗುವುದು ಅವರದ್ದು. ಅದನ್ನೂ ಮೇಜರ್ ಪ್ರಕಾರ ಒಡೆದು ನೋಡಿ. ಫೈನಾನ್ಸ್‌ನವರದ್ದು ಎಷ್ಟು, ಮಾರ್ಕೆಟಿಂಗ್‌ನವರದ್ದು ಎಷ್ಟು. ಎಲ್ಲಿನ ಕೆಲಸ ಅನ್ನುವುದೂ ಮುಖ್ಯ: ಅರ್ಧಕ್ಕರ್ಧ ಮಕ್ಕಳು ನ್ಯೂಯಾರ್ಕ್‌ಗೆ ಹೋಗುವ ಸ್ಕೂಲಿನ ಸಂಬಳ ಎತ್ತರ ಇದ್ದೇ ಇರುತ್ತದೆ, ಮನೆ ಬಾಡಿಗೆಯೂ ಅಷ್ಟೇ ಎತ್ತರ. 'ನಮ್ಮ ಮಕ್ಕಳನ್ನು ತೆಗೆದುಕೊಂಡ ಕಂಪನಿಗಳು' ಅಂತ ಲೋಗೋಗಳ ಸಾಲು ಹಾಕಿರುತ್ತಾರೆ. ಆ ಸಾಲಿನಲ್ಲಿರುವ ದೊಡ್ಡ ಬ್ಯಾಂಕಿಗೆ ಮೂರು ವರ್ಷದ ಹಿಂದೆ ಒಬ್ಬ ಹೋಗಿದ್ದರೂ ಲೋಗೋ ಲೋಗೋನೇ. ಎಷ್ಟು ಜನ, ಯಾವ ಹುದ್ದೆಗೆ ಅಂತ ಕೇಳಿ.

ಕಾಲೇಜು ಹೇಳಿದ್ದನ್ನು ತಾಳೆ ನೋಡಲು ಸರ್ಕಾರದ್ದೇ ಒಂದು ಸಾಧನವಿದೆ, ಕಾಲೇಜ್ ಸ್ಕೋರ್‌ಕಾರ್ಡ್. ಶಿಕ್ಷಣ ಇಲಾಖೆ 2015ರಲ್ಲಿ ತೆರೆದದ್ದು. ಕಾಲೇಜು ಒತ್ತಿ, ಫೈನಾನ್ಸ್ ಒತ್ತಿದರೆ ಆ ಮೇಜರ್ ಮುಗಿಸಿದವರು ಕೆಲವು ವರ್ಷದ ನಂತರ ಏನು ಗಳಿಸುತ್ತಿದ್ದಾರೆ ಅಂತ ಸಿಗುತ್ತದೆ. ಯಾರನ್ನೂ ಕೇಳಿ ಬರೆದುಕೊಂಡದ್ದಲ್ಲ, ತೆರಿಗೆ ದಾಖಲೆಯಿಂದ ಬಂದದ್ದು. ಒಂದೇ ಕೊರತೆ, ಅದರಲ್ಲಿ ಬರುವುದು ಫೆಡರಲ್ ಸಾಲ ಅಥವಾ ನೆರವು ಪಡೆದ ಮಕ್ಕಳು ಮಾತ್ರ. ಶ್ರೀಮಂತರ ಮಕ್ಕಳು ತುಂಬಿದ ಖಾಸಗಿ ಕಾಲೇಜಿನಲ್ಲಿ ಅದು ಸಣ್ಣ ಪಾಲಾಗುತ್ತದೆ. ಹಾಗಿದ್ದರೂ ನನಗೆ ಯಾವ ಪಟ್ಟಿಗಿಂತ ಅದರ ಮೇಲೆ ಹೆಚ್ಚು ನಂಬಿಕೆ.

ದುಡ್ಡಿನ ಮಾತಿಗೆ ಬರೋಣ. ನಿಮ್ಮ ರಾಜ್ಯದ್ದು ನಾಲ್ಕು ವರ್ಷಕ್ಕೆ 1,24,000 ಡಾಲರ್. ಖಾಸಗಿಯದು 3,56,000. ವ್ಯತ್ಯಾಸ 2,32,000, ಅದೂ ಶುಲ್ಕ ಏರುವುದಿಲ್ಲ ಅಂತಿಟ್ಟುಕೊಂಡರೆ. ಇದು ಉಳಿತಾಯದಲ್ಲಿದೆಯೋ ಸಾಲವೋ ಅನ್ನುವುದನ್ನು ನೀವು ಬರೆದಿಲ್ಲ. ಸಾಲವಾದರೆ ಕೇಳಿ: ವಿದ್ಯಾರ್ಥಿಯ ಹೆಸರಿನ ಫೆಡರಲ್ ಸಾಲ ಮೊದಲ ವರ್ಷ 5,500 ಡಾಲರ್, ಇಡೀ ಡಿಗ್ರಿಗೆ 31,000. ತಂದೆತಾಯಿ ತೆಗೆದುಕೊಳ್ಳುವ ಪ್ಲಸ್ ಸಾಲಕ್ಕೆ ಮುಂಚೆ ಕಾಲೇಜಿನ ಪೂರ್ತಿ ವೆಚ್ಚದವರೆಗೂ ಅವಕಾಶವಿತ್ತು. 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ವರ್ಷಕ್ಕೆ 20,000, ಒಂದು ಮಗುವಿಗೆ ಒಟ್ಟು 65,000 ಡಾಲರ್ ಅಷ್ಟೇ. ಉಳಿದದ್ದಕ್ಕೆ ಖಾಸಗಿ ಬ್ಯಾಂಕು, ಅದರ ಬಡ್ಡಿ, ಅದಕ್ಕೆ ನಿಮ್ಮ ಸಹಿ. ಚಿಕ್ಕ ಮಗುವೂ ಇದೆ ಅಂತ 'ದೊಡ್ಡ ಮಗಳು' ಅಂದದ್ದರಿಂದ ಊಹಿಸುತ್ತೇನೆ. ಆ ಮಗುವಿನ ಕಾಲೇಜನ್ನೂ ಅದೇ ಶೀಟಿನಲ್ಲಿ ಬರೆಯಲಿ.

ಅಷ್ಟು ಸುರಿದರೆ ವಾಪಸ್ ಬರುತ್ತದೆಯೇ? ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೊಡ್ಡ ಹೆಸರಿನ ಕಾಲೇಜಿಗೆ ಸೀಟು ಸಿಕ್ಕೂ ಬೇರೆಡೆ ಸೇರಿದ ಮಕ್ಕಳು, ಸೇರಿದವರಷ್ಟೇ ಗಳಿಸುತ್ತಿದ್ದರು ಅಂತ ಅದು ಕಂಡಿತು. ಬಡ ಕುಟುಂಬದ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭವಿತ್ತು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಜೊತೆಗಾರರು ಹಾರ್ವರ್ಡ್‌ನಂಥ ಹಳೆಯ, ಹೆಸರಾಂತ ಐವಿ ಕಾಲೇಜುಗಳು ಹಾಗೂ ಅವಕ್ಕೆ ಸಮನಾದ ನಾಲ್ಕನ್ನು ಉತ್ತಮ ಸರ್ಕಾರಿ ವಿಶ್ವವಿದ್ಯಾಲಯಗಳ ಜೊತೆ ಹೋಲಿಸಿದರು. ಸರಾಸರಿ ಆದಾಯದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಆದರೆ ಅತಿ ಪ್ರತಿಷ್ಠಿತ ಕಂಪನಿಗಳಲ್ಲಿ ಕೆಲಸ ಸಿಗುವ ಅವಕಾಶ ಸುಮಾರು ಮೂರು ಪಟ್ಟು. ಈ ಎರಡನೆಯ ಸಾಲನ್ನು ನಾನು ಮುಚ್ಚಿಡುವುದಿಲ್ಲ. ವಾಲ್ ಸ್ಟ್ರೀಟ್ ಬ್ಯಾಂಕುಗಳು, ಮೆಕಿನ್ಸಿಯಂಥ ಕನ್ಸಲ್ಟಿಂಗ್ ಕಂಪನಿಗಳು ಕೆಲವೇ ಕ್ಯಾಂಪಸ್ಸುಗಳಿಗೆ ಖುದ್ದು ಬರುತ್ತವೆ. ಅವನ್ನು ಟಾರ್ಗೆಟ್ ಸ್ಕೂಲು ಅನ್ನುತ್ತಾರೆ. ಆ ಬಾಗಿಲಿಗೆ ಹೆಸರು ಬೇಕು. ಆದರೆ ಫೈನಾನ್ಸ್ ಅಂದರೆ ಅದೊಂದೇ ಅಲ್ಲ. ಕಂಪನಿಗಳ ಹಣಕಾಸು ವಿಭಾಗ, ವಿಮೆ, ಸ್ಥಳೀಯ ಬ್ಯಾಂಕುಗಳು, ಆಡಿಟ್: ಹೆಚ್ಚಿನ ಮಕ್ಕಳು ಹೋಗುವುದು ಇಲ್ಲಿಗೆ, ಇಲ್ಲಿ ನಿಮ್ಮ ರಾಜ್ಯದ ಕಾಲೇಜಿನ ಹಳೆಯ ವಿದ್ಯಾರ್ಥಿಗಳೇ ಮ್ಯಾನೇಜರ್‌ಗಳಾಗಿ ಕೂತಿರುತ್ತಾರೆ. ಮಗಳನ್ನು ಕೂರಿಸಿಕೊಂಡು 'ಫೈನಾನ್ಸ್ ಅಂದರೆ ನಿನ್ನ ಮನಸ್ಸಿನಲ್ಲಿ ಏನಿದೆ ಪುಟ್ಟಿ' ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.

ನಿಮಗೆ ಗ್ರೀನ್ ಕಾರ್ಡ್ ಇದೆ, ಸರಿ. ಇದನ್ನು ಓದುವ, ಎಚ್-1ಬಿ ಉದ್ಯೋಗ ವೀಸಾದ ಕುಟುಂಬಗಳಿಗೆ ಎರಡು ಮಾತು: ಅವಲಂಬಿತರ ಎಚ್-4 ವೀಸಾದಲ್ಲಿರುವ ಮಗು ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ, 21 ತುಂಬಿದರೆ ಆ ವೀಸಾ ಮುಗಿಯುತ್ತದೆ, ಅದೂ ಸಾಮಾನ್ಯವಾಗಿ ಡಿಗ್ರಿಯ ನಡುವೆಯೇ. ಎಫ್-1 ವಿದ್ಯಾರ್ಥಿ ವೀಸಾಕ್ಕೆ ಯಾವಾಗ ಬದಲಾಯಿಸಬೇಕು ಅಂತ ಕಾಲೇಜು ಸೇರುವ ಮುಂಚೆಯೇ ವಕೀಲರನ್ನು ಕೇಳಿ. ಎಫ್-1ರಲ್ಲಿ ಓದಿದವರಿಗೆ ಕೆಲಸ ಮಾಡಲು 12 ತಿಂಗಳು ಸಿಗುತ್ತದೆ, ಮೇಜರ್ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24. ಸಾಮಾನ್ಯ ಫೈನಾನ್ಸ್ ಕೋರ್ಸು ಆ ಪಟ್ಟಿಯಲ್ಲಿಲ್ಲ. ಮ್ಯಾನೇಜ್‌ಮೆಂಟ್ ಸೈನ್ಸ್ ಇದೆ, ಬಿಸಿನೆಸ್ ಅನಲಿಟಿಕ್ಸ್ 2022ರಲ್ಲಿ ಸೇರಿತು. ಇಂಥವರಿಗೆ ರ‍್ಯಾಂಕಿಗಿಂತ ಮೇಜರ್‌ನ ಕೋಡ್ ದೊಡ್ಡದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರನೆಯದನ್ನು ಇವತ್ತೇ ಬಿಡುತ್ತಿದ್ದೆ. 9ನೇ ರ‍್ಯಾಂಕ್ ಇರುವುದೇ ಅದಕ್ಕೆ ಅಂತ ಯಜಮಾನರು ಅಂದರೆ, ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಿದವರಲ್ಲಿ ಕಳೆದ ವರ್ಷ ಎಷ್ಟು ಜನಕ್ಕೆ ಸಿಕ್ಕಿತು ಅಂತ ಒಂದು ಫೋನ್ ಮಾಡಲಿ. ಉಳಿದ ಎರಡರಲ್ಲಿ ನನ್ನ ಒಲವು ನಿಮ್ಮ ರಾಜ್ಯದ್ದರ ಕಡೆ. ಮಗಳಿಗೆ ಇನ್‌ವೆಸ್ಟ್‌ಮೆಂಟ್ ಬ್ಯಾಂಕಿಂಗೇ ಬೇಕು, ಖಾಸಗಿಯ ವರದಿಯಲ್ಲಿ ಅದಕ್ಕೆ ತಕ್ಕ ಸಂಖ್ಯೆ ಇದೆ, ಹಣ ಸಾಲವಿಲ್ಲದೆ ಹೊಂದುತ್ತದೆ: ಮೂರೂ ಕೂಡಿಬಂದರೆ ಖಾಸಗಿ. ಎರಡು ಮಾತ್ರ ಆದರೆ ಬೇಡ. ಖಾಸಗಿಯವರಿಗೆ ರಾಜ್ಯದ ಕಾಲೇಜಿನ ಪತ್ರ ಲಗತ್ತಿಸಿ, ಇಷ್ಟು ವ್ಯತ್ಯಾಸವಿದೆ, ನೆರವನ್ನು ಮರುಪರಿಶೀಲಿಸಿ ಅಂತ ಬರೆಯುವುದಕ್ಕೆ ಸಂಕೋಚ ಬೇಡ. ಇಲ್ಲಿ ಅದು ವಾಡಿಕೆ, ಯಾರೂ ತಪ್ಪು ತಿಳಿಯುವುದಿಲ್ಲ, ಸೀಟೂ ಹೋಗುವುದಿಲ್ಲ.

ಎರಡೂ ಕಾಲೇಜಿನ ಉದ್ಯೋಗ ಕಚೇರಿಗೆ ಮಗಳ ಕೈಯಲ್ಲೇ ಮೇಲ್ ಬರೆಸಿ, ನೀವು ಬರೆಯಬೇಡಿ. ಕಳೆದ ವರ್ಷ ಫೈನಾನ್ಸ್ ಮುಗಿಸಿದವರು ಎಷ್ಟು, ಅವರಲ್ಲಿ ಎಷ್ಟು ಜನರ ಸುದ್ದಿ ನಿಮಗೆ ಗೊತ್ತು, ಎರಡನೇ ವರ್ಷದ ಬೇಸಿಗೆಯಲ್ಲಿ ಎಷ್ಟು ಜನಕ್ಕೆ ಇಂಟರ್ನ್‌ಶಿಪ್ ಇತ್ತು, ಅತಿ ಹೆಚ್ಚು ಜನರನ್ನು ತೆಗೆದುಕೊಂಡ ಐದು ಕಂಪನಿಗಳು ಯಾವುವು, ಎಷ್ಟೆಷ್ಟು ಜನರನ್ನು. ಇಷ್ಟೇ ಸಾಕು. ಈ ವಾರವೇ ಕಳಿಸಲಿ. ಏಪ್ರಿಲ್ ಕೊನೆಯ ವಾರ ಆ ಕಚೇರಿಗಳಲ್ಲಿ ಫೋನ್ ಎತ್ತುವವರೂ ಸಿಗುವುದಿಲ್ಲ.